ಸುಬೇದಾರ ವಾಪಸ್ ಪಡೆದ ಆಣೆ

ಒಂದು ತಾಲೂಕಿನಲ್ಲಿ ಒಬ್ಬ ಸುಬೇದಾರನಿದ್ದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಊರು ಕೇಳುತ್ತೀರಿ, ಊರು ಹೇಳಿದರೆ ಪಕ್ಷ ಕೇಳುತ್ತೀರಿ, ಪಕ್ಷ ಹೇಳಿದ ಮೇಲೆ ನಿಮ್ಮ ಕಿವಿಗೆ ಕಥೆ ಬೀಳುವುದೇ ಇಲ್ಲ. ಸುಬೇದಾರ ಎಂದರೆ ಸಾಕು.

ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿ ದುಡಿದು, ಎಡಗಾಲಿನ ಎರಡು ಬೆರಳನ್ನು ಹಿಮಕ್ಕೆ ಕೊಟ್ಟು ಬಂದವನು. ಬಂದು ಕಟ್ಟೆಯ ಮೇಲೆ ಕೂತು ಯುದ್ಧದ ಕಥೆ ಹೇಳಲಿಲ್ಲ, ಸಿಮೆಂಟ್ ಪೈಪಿನ ಕಾರ್ಖಾನೆ ಹಾಕಿದ. ವ್ಯಾಪಾರ ಹೇಗೆ ಮಾಡುತ್ತಿದ್ದ ನೋಡಿ. ಕೂದಲೆಳೆಯಷ್ಟು ಬಿರುಕು ಬಿಟ್ಟ ಪೈಪು ಕಂಡರೂ ಸುತ್ತಿಗೆ ತಂದು ಗೇಟಿನ ಮುಂದೆ ತಾನೇ ಒಡೆಯುತ್ತಿದ್ದ. ‘ಕಡಿಮಿ ರೇಟಿಗೆ ಕೊಡ್ರಿ, ಒಯ್ತೀವಿ’ ಎಂದವರಿಗೆ, ‘ಮಣ್ಣಾಗ ಹುಗಿದ ಮ್ಯಾಲ ಬಿರುಕು ನಿಮಗ ಕಾಣೂದಿಲ್ಲ, ನನಗ ಕಾಣ್ತೈತಿ’ ಎನ್ನುತ್ತಿದ್ದ. ಎಂಬತ್ತು ಮನೆಗಳ ಒಲೆ ಆ ಕಾರ್ಖಾನೆಯಿಂದ ಉರಿಯುತ್ತಿತ್ತು.

ಅಂಥವನಿಗೆ ಚುನಾವಣೆ ಯಾಕೆ ಬೇಕಿತ್ತು? ನೀವೂ ಕೇಳುತ್ತೀರಿ, ಅವನ ಹೆಂಡತಿಯೂ ಕೇಳಿದಳು. ತಾಲೂಕಿನ ಆಸ್ಪತ್ರೆಗೆ ಕಟ್ಟಡವಿತ್ತು, ಬೋರ್ಡಿತ್ತು, ಹೆರಿಗೆ ಮಾಡಿಸುವ ಡಾಕ್ಟರ್ ಮಾತ್ರ ಇರಲಿಲ್ಲ. ಅವನ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ಜಿಲ್ಲಾ ಆಸ್ಪತ್ರೆಯ ದಾರಿಯಲ್ಲೇ ಜೀವ ಬಿಟ್ಟಳು. ಅಂದಿನಿಂದ ಆರು ವರ್ಷ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ. ಅಲೆದು ಅಲೆದು, ಅರ್ಜಿ ಕೊಡುವವನ ಮಾತಿಗೆ ಬೆಲೆಯಿಲ್ಲ ಎಂದು ಅರಿವಾಗಿ, ವಿಧಾನಸಭೆಗೆ ನಿಂತ. ಗೆಲ್ಲಲೇಬೇಕು ಎಂದು ನಿಂತ. ಗೆಲುವು ತನಗೆ ಲೆಕ್ಕಕ್ಕಿಲ್ಲ ಎನ್ನುವ ಸನ್ಯಾಸಿ ಅವನಲ್ಲ.

ಮತದಾನಕ್ಕೆ ಇನ್ನು ನಾಲ್ಕು ದಿನ. ಗಾಳಿ ಅವನ ಕಡೆಗೇ ಇತ್ತು. ಒಂದೂರಿನಲ್ಲಿ ಕೈ ಮುಗಿಯುತ್ತ ಹೋಗುವಾಗ ಮಾಳವ್ವ ಎಂಬ ಮುದುಕಿಯ ಮನೆ ಬಂತು. ಮಾಳವ್ವ ಕೌದಿ ಹೊದ್ದು ಗೋಡೆಗೊರಗಿ ಕೂತಿದ್ದಳು.

‘ಯಾಕವ್ವಾ, ಆರಾಮಿಲ್ಲೇನು?’

‘ಮೂರು ದಿನಾತು ಯಪ್ಪಾ, ಗಂಟಲದಾಗ ತುತ್ತು ಇಳಿವಲ್ದು’ ಎಂದಳು ಮುದುಕಿ. ‘ಆ ಕಡೆಯವರು ಬಂದು ಭಂಡಾರ ಹಿಡಿಸಿ ಓಟು ನಮಗ ಹಾಕ್ಬೇಕು ಅಂದ್ರು, ಹೂಂ ಅಂದೆ. ಮರುದಿನ ನಿಮ್ಮವರು ಬಂದು ಹಿಡಿಸಿದ್ರು, ಅವರಿಗೂ ಹೂಂ ಅಂದೆ. ನನಗಿರೂದು ಒಂದ ಓಟು. ಯಾರಿಗೆ ಹಾಕಿದ್ರೂ ಒಂದು ಆಣಿ ತಪ್ಪತೈತಿ. ನನ್ನ ಮೊಮ್ಮಗಗ ಏನರ ಆದ್ರ ಯಾರನ್ನ ಕೇಳ್ಲಿ?’

ಭಂಡಾರವೆಂದರೆ ನಮಗೆ ಬರೀ ಅರಿಸಿನ ಪುಡಿಯಲ್ಲ, ದೇವರ ಮೈಮೇಲಿಂದ ಬಂದದ್ದು. ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತಿಗೆ ತಪ್ಪಿದರೆ ಮನೆಯ ಕುಡಿಗೆ ತಟ್ಟುತ್ತದೆ ಎಂದು ಹಿರಿಯರು ನಂಬಿದವರು. ಚುನಾವಣೆ ಬಂತೆಂದರೆ ಆ ನಂಬಿಕೆಯನ್ನು ಚೀಲದಲ್ಲಿ ತುಂಬಿಕೊಂಡು ಮನೆಮನೆಗೆ ಹೊರಡುವ ಬುದ್ಧಿವಂತರು ನಮ್ಮಲ್ಲಿ ಇಲ್ಲವೇ? ತಲೆ ಬಗ್ಗಿಸಬೇಡಿ, ನಾನು ಯಾರ ಕಡೆಗೂ ನೋಡುತ್ತಿಲ್ಲ.

ಸುಬೇದಾರನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವನಿಗೆ ಇದು ಗೊತ್ತೇ ಇರಲಿಲ್ಲ. ಚುನಾವಣೆಯ ಉಸ್ತುವಾರಿ ಹೊತ್ತ ಭಾವಮೈದುನ ಐದು ಊರುಗಳಲ್ಲಿ ಗುಟ್ಟಾಗಿ ಈ ಕೆಲಸ ಮುಗಿಸಿದ್ದ. ಸುಬೇದಾರನಿಗೆ ತನ್ನ ಹತ್ತೊಂಬತ್ತನೆಯ ವಯಸ್ಸು ನೆನಪಾಯಿತು. ಸೈನ್ಯದಲ್ಲಿ ಪ್ರತಿಜ್ಞೆ ಮಾಡುವ ಹಿಂದಿನ ದಿನ ತರಬೇತಿ ಕೊಟ್ಟ ಉಸ್ತಾದ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದನಂತೆ, ‘ಮನಸ್ಸಿಲ್ಲದವರು ಇವತ್ತೇ ಮನೆಗೆ ಹೋಗಿ. ಒಲ್ಲದ ಬಾಯಿಯಿಂದ ಬಂದ ಆಣೆ ನನಗೆ ಬೇಡ.’ ಅವತ್ತು ಮನಸಾರೆ ಆಡಿದ ಒಂದು ಮಾತಿಗೆ ಇಪ್ಪತ್ತೆಂಟು ವರ್ಷ ನಿಂತವನು ಅವನು. ಅವನ ಹೆಸರಿನಲ್ಲಿ ಒಬ್ಬ ಮುದುಕಿ ಅನ್ನ ಬಿಟ್ಟು ಕೂತಿದ್ದಾಳೆ.

‘ಅವೆಲ್ಲ ಮೂಢನಂಬಿಕೆ, ಧೈರ್ಯವಾಗಿರು ಎನ್ನಬಹುದಿತ್ತಲ್ಲ?’ ಎನ್ನುತ್ತೀರಿ. ಎನ್ನಬಹುದಿತ್ತು. ಹೊಟ್ಟೆ ತುಂಬ ಉಂಡವನಿಗೆ ಆ ಮಾತು ಸಲೀಸು.

‘ಆ ಭಂಡಾರ ಎಲ್ಲಿಟ್ಟೀಯವ್ವಾ?’ ಎಂದು ಕೇಳಿದ. ಮುದುಕಿ ಸೆರಗು ತೋರಿಸಿದಳು. ಎರಡು ತುದಿಗೆ ಎರಡು ಗಂಟು. ‘ನಂದು ಯಾವುದು?’ ‘ಈ ಸಣ್ಣದು.’ ಸುಬೇದಾರ ನೆಲದ ಮೇಲೆ ಕೂತು ಗಂಟು ಬಿಚ್ಚಿ, ಭಂಡಾರವನ್ನು ತನ್ನ ಹಣೆಗೆ ಬಳಿದುಕೊಂಡ. ‘ನನ್ನ ಹೆಸರಿಲೆ ಹಾಕಿದ ಆಣಿ ನಾನ ವಾಪಸ್ ತಗೊಂಡೆ. ಇನ್ನ ನೀ ತಪ್ಪಿದ್ರ ಅದು ನನಗ ತಟ್ಟಲಿ. ಎದ್ದು ಒಂದು ತುತ್ತು ಉಣ್ಣು’ ಎಂದ.

ಸುದ್ದಿ ಕೇಳಿ ಭಾವಮೈದುನ ಓಡಿ ಬಂದ. ‘ಮಾಮಾ, ನಿಮಗ ತಲಿ ಕೆಟ್ಟೈತೇನು? ನಾವು ಬಿಟ್ರ ಅವರ ಆಣಿ ಉಳಿತೈತಿ. ಆಕಿ ಓಟು ಹೋಗಿ ಅವರಿಗೇ ಬೀಳ್ತೈತಿ.’

ಕೇಳಿದಿರಾ? ಅವನ ಮಾತು ಸುಳ್ಳಲ್ಲ. ಐದೂ ಊರಲ್ಲಿ ಎರಡೂ ಕಡೆಯವರು ಭಂಡಾರ ಹಿಡಿಸಿದ್ದರು. ಸುಬೇದಾರ ತನ್ನದನ್ನು ಬಿಟ್ಟರೆ ಎದುರಾಳಿಯದು ಗಟ್ಟಿಯಾಗುತ್ತದೆ. ಅವನಿಗೂ ಅದು ತಿಳಿಯಿತು. ಆಸ್ಪತ್ರೆ ಕಣ್ಣ ಮುಂದೆ ಬಂತು, ದಾರಿಯಲ್ಲಿ ಸತ್ತ ಹೆಣ್ಣುಮಗಳೂ ಬಂದಳು. ಆಮೇಲೆ ಹೇಳಿದ, ‘ಆ ಮುದುಕಿ ಉಪವಾಸದ ಮ್ಯಾಲ ನಾ ಎಂಥಾ ಆಸ್ಪತ್ರಿ ಕಟ್ಟಲಿ? ನಡಿ, ಮುಂದಿನ ಮನಿ ತೋರ್ಸು.’

ಉಳಿದ ದಿನಗಳಲ್ಲಿ ಅವನು ಭಾಷಣ ಮಾಡಲಿಲ್ಲ, ಮೆರವಣಿಗೆ ತೆಗೆಯಲಿಲ್ಲ. ಕುಂಟುತ್ತ ಐದು ಊರು ತಿರುಗಿದ. ಮನೆಮನೆಗೆ ಹೋಗಿ ತನ್ನ ಹೆಸರಿನ ಆಣೆ ವಾಪಸ್ ಪಡೆದ. ಓಟು ಕೊಡಿ ಎಂದು ಒಬ್ಬರನ್ನೂ ಕೇಳಲಿಲ್ಲ.

ಆಮೇಲೆ? ‘ಜನ ಮೆಚ್ಚಿ ಅವನನ್ನೇ ಗೆಲ್ಲಿಸಿದರು’ ಎಂದು ನಾನು ಹೇಳಲಿ ಎಂದು ಕಾಯುತ್ತಿದ್ದೀರಿ. ಇಲ್ಲ. ಸೋತ. ಮುನ್ನೂರ ಹದಿನೆಂಟು ಓಟಿನಿಂದ ಸೋತ. ನೋವಾಗಲಿಲ್ಲವೇ? ಆಯಿತು, ಚೆನ್ನಾಗಿಯೇ ಆಯಿತು. ಎರಡು ದಿನ ಮನೆಯಿಂದ ಹೊರಬರಲಿಲ್ಲ.

ಮೂರನೆಯ ದಿನ ಮಾಳವ್ವ ಮೊಮ್ಮಗನನ್ನು ಕರೆದುಕೊಂಡು ಅವನ ಬಾಗಿಲಿಗೆ ಬಂದಳು. ‘ಯಪ್ಪಾ, ಸುಳ್ಳು ಯಾಕ ಹೇಳ್ಲಿ? ನಿನಗ ಹಾಕಲಿಲ್ಲ. ಅವರ ಆಣಿ ಇತ್ತಲ್ಲ. ಆದ್ರ ನೀ ಹ್ವಾದ ಮ್ಯಾಲ ಉಂಡೆ ನೋಡು’ ಎಂದಳು. ಸುಬೇದಾರನ ಕಣ್ಣಲ್ಲಿ ನೀರು ಬಂತು. ‘ಛಲೋ ಆತು ಬಿಡವ್ವಾ’ ಎಂದ. ಅಂದೇ ಆಸ್ಪತ್ರೆಯ ಅರ್ಜಿ ಹಿಡಿದು ಗೆದ್ದವನ ಮನೆಗೆ ನಡೆದ. ತನ್ನನ್ನು ಸೋಲಿಸಿದವನ ಮುಂದೆ ಅರ್ಜಿ ಹಿಡಿದು ನಿಲ್ಲಲು ಎಂಥ ಗಂಡೆದೆ ಬೇಕು, ಹೇಳಿ. ಆ ಮನುಷ್ಯನಿಗೆ ನನ್ನದೊಂದು ಶರಣು.

ಈಗ ನಿಮ್ಮ ಮಾತಿಗೆ ಬರೋಣ. ‘ನಾವೇನು ಚುನಾವಣೆಗೆ ನಿಂತಿಲ್ಲವಲ್ಲ, ಮಠದ ಅಪ್ಪಗಳು ಇವತ್ತು ರಾಜಕಾರಣಿಗಳಿಗೆ ಬಿಸಿ ಮುಟ್ಟಿಸಿದರು’ ಎಂದು ನಗುತ್ತಿದ್ದೀರಿ. ನಗಬೇಡಿ. ‘ನನ್ನ ತಲಿ ಮುಟ್ಟಿ ಹೇಳು’ ಎಂದು ಮಗಳ ಬಾಯಿ ಕಟ್ಟಿದ ತಾಯಿ ಇಲ್ಲಿಲ್ಲವೇ? ‘ನಿಮ್ಮ ತಮ್ಮನ ಹೊಸ್ತಿಲು ತುಳಿದ್ರ ನನ್ನ ಹೆಣ ತುಳಿದಂಗ’ ಎಂದು ಗಂಡನಿಂದ ಭಾಷೆ ತೆಗೆದುಕೊಂಡವರು ಇಲ್ಲವೇ? ಸಾಯುತ್ತಿರುವ ಮಗನ ಕೈಯಲ್ಲಿ ಕೈ ಇಡಿಸಿ, ಇಪ್ಪತ್ತೈದರ ಸೊಸೆಯಿಂದ ‘ಇನ್ನು ಮದುವೆಯಾಗುವುದಿಲ್ಲ’ ಎಂದು ಹೇಳಿಸಿದ ಅತ್ತೆ ಇಲ್ಲವೇ? ನನ್ನನ್ನೂ ಬಿಡುವುದಿಲ್ಲ. ನಿಮ್ಮ ಚಟಗಳನ್ನು ಬೇಡಲು ಜೋಳಿಗೆ ಹಿಡಿದು ಬಂದು, ‘ಕುಡಿತ ಬಿಡುತ್ತೇನೆ’ ಎಂದು ನಿಮ್ಮಿಂದ ಆಣೆ ಮಾಡಿಸಿದವನು ನಾನು. ಆಣೆ ಮಾಡಿದವರಲ್ಲಿ ಎಷ್ಟೋ ಜನ ಕುಡಿತ ಬಿಡಲಿಲ್ಲ, ಆಣೆ ತಪ್ಪಿತೆಂದು ಅಂಜಿ ಮಠಕ್ಕೆ ಬರುವುದನ್ನು ಬಿಟ್ಟರು. ಆ ಆಣೆ ವಾಪಸ್ ಪಡೆಯಲು ಅವರ ಮನೆಗೆ ನಾಳೆಯಿಂದ ನಾನೇ ಹೋಗುತ್ತೇನೆ.

ನೀವು ಕಟ್ಟಿದ ಗಂಟು ಯಾರ ಸೆರಗಿನಲ್ಲಿದೆ ಎಂದು ನಿಮಗೆ ಗೊತ್ತು. ಇವತ್ತು ಪ್ರಸಾದಕ್ಕೆ ಕೂಡ್ರುವ ಮೊದಲು ಅವರ ಹತ್ತಿರ ಹೋಗಿ. ದೂರದಲ್ಲಿದ್ದರೆ ಫೋನ್ ಮಾಡಿ. ‘ಅವತ್ತು ನಾನು ಹಾಕಿದ ಆಣೆ ನಾನೇ ತೆಗೆದುಕೊಂಡೆ’ ಎನ್ನಿ. ಅವರು ನಿಮ್ಮ ಮಾತು ಬಿಟ್ಟು ತಮ್ಮ ಮನಸ್ಸಿನಂತೆ ನಡೆಯಬಹುದು, ನೀವು ಸೋಲಬಹುದು. ಸೋಲಿರಿ. ಅವರು ಇವತ್ತು ನೆಮ್ಮದಿಯಿಂದ ಉಣ್ಣಲಿ.