ಬಾಯಿ ಬಿಡದ ದೊಡ್ಡಕ್ಕ

ರಾತ್ರಿ ಹನ್ನೊಂದು ದಾಟಿತ್ತು. ಆಫೀಸಿನ ಹಿಂದೆ ಒಂದು ಗಲ್ಲಿ, ಗಲ್ಲಿಯ ಕೊನೆಗೆ ಹಳೇ ಬಾವಿ. ಯಾರೂ ನೀರು ಸೇದುತ್ತಿರಲಿಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದರು. ಅದನ್ನ ದಾಟಿಯೇ ಅವಳು ಮನೆಗೆ ಹೋಗಬೇಕು.

ಕರ್ರ್... ಕರ್ರ್...

ಕಾಳು ಹಾಕದೆ ಬೀಸುವ ಕಲ್ಲು ತಿರುಗಿಸಿದ ಹಾಗೆ. ಅವಳು ನಿಂತಳು. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟಳು. ಕರ್ರ್... ಬಾವಿಯಿಂದ ಅಂದುಕೊಂಡಿದ್ದಳು. ಅಲ್ಲ. ಕಿವಿಯ ಪಕ್ಕದಲ್ಲೇ. ಕೆನ್ನೆ ಮುಟ್ಟಿ ನೋಡಿಕೊಂಡರೆ ದವಡೆ ಕಲ್ಲಾಗಿದೆ, ಚರ್ಮದ ಕೆಳಗೆ ಗಂಟು ಏಳುತ್ತಿದೆ, ಇಳಿಯುತ್ತಿದೆ. ಅಯ್ಯೋ, ನನ್ನದೇ ಹಲ್ಲು! ನಗು ಬಂತು. ನಗುವುದಕ್ಕೆ ಬಾಯಿ ತೆರೆದಳು.

ಬಾಯಿ ತೆರೆದೇ ಇತ್ತು... ಕರ್ರ್ ಕರ್ರ್ ನಿಲ್ಲಲಿಲ್ಲ.

ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ, ಅವಳೇ ನನ್ನೆದುರು ಕೂತು ಹೇಳಿದ್ದು. ಮನೆಯಲ್ಲಿ ಅವಳಿಗೆ ಸಿಡಿಮದ್ದು ಅಂತಲೇ ಹೆಸರು. ಒಂದು ಮಾತು ಅಂದರೆ ನಾಲ್ಕು ವಾಪಸ್ ಬರುತ್ತೆ. ಅಂಥವಳಿಗೆ ಸಿಕ್ಕಿದ ಕೆಲಸ ನೋಡಿ... ಕರೆಂಟು ಆಫೀಸಿನಲ್ಲಿ ದೂರು ತಗೊಳ್ಳೋದು. ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರವರೆಗೆ ಫೋನು. ಕರೆಂಟು ಹೋದ ಮನೆಯವರೆಲ್ಲ ಉಗಿಯೋದು ಇವಳಿಗೇ. ತಿರುಗಿ ಮಾತಾಡೋ ಹಾಗಿಲ್ಲ. 'ಮೊದಲು ಕ್ಷಮೆ, ಆಮೇಲೆ ಮಾತು' ಅಂತ ಸಾಹೇಬ ಗೋಡೆ ಮೇಲೆ ಬರೆಸಿಟ್ಟಿದ್ದ. ದಿನಕ್ಕೆ ಇನ್ನೂರು ಸಲ ಕ್ಷಮಿಸಿ. ಅವಳಿಗೂ ಬಾಡಿಗೆ ಕಟ್ಟಬೇಕಲ್ಲ, ಅಜ್ಜಿಯನ್ನ ನೋಡ್ಕೋಬೇಕಲ್ಲ. ಅವಡುಗಚ್ಚಿ ಕೂತಿರುತ್ತಿದ್ದಳು.

ಆ ರಾತ್ರಿ ಓಡಿ ಮನೆ ಸೇರಿದಳು. ಬೆಳಗ್ಗೆ ಎದ್ದರೆ ಕಣತಲೆ ಸಿಡೀತಿದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯಲ್ಲ. ದಿಂಬಿನ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳೀ ಚೂರು. ದವಡೆ ಹಲ್ಲಿನ ಅಂಚು.

"ರಾತ್ರಿಯೆಲ್ಲ ಹಲ್ಲು ಕಡೀತಿದ್ದೆ ಕಣೇ," ಅಂದರು ಅಜ್ಜಿ. "ಹೊಟ್ಟೇಲಿ ಹುಳ ಇರಬೇಕು."

ಅಜ್ಜಿ ಮಾತಿಗೆ ಹುಳದ ಮಾತ್ರೆ ನುಂಗಿದ್ದೂ ಆಯ್ತು. ಹುಳ ಇದ್ದರೆ ತಾನೇ ಹೋಗೋಕೆ! ವಾರ ಕಳೀತು. ತುತ್ತು ಅಗಿಯೋದೇ ಕಷ್ಟ ಆಯ್ತು. ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ಹೆಚ್ಚು ಮಾತಿಲ್ಲ. ದವಡೆ ಒತ್ತಿ ನೋಡಿದರು. "ಹುಳ ಅಲ್ಲಮ್ಮ. ಹಗಲು ಹಲ್ಲು ಬಿಗಿಹಿಡೀತೀರಿ, ರಾತ್ರಿ ನಿದ್ದೆಗಣ್ಣಲ್ಲಿ ಅದನ್ನೇ ಕಡೀತೀರಿ. ಏನು ಕೆಲಸ?"

"ಕ್ಷಮಿಸಿ ಅನ್ನೋದು."

ಡಾಕ್ಟರು ನಗಲಿಲ್ಲ. "ಊಟ ಮಾಡುವಾಗ ಬಿಟ್ಟು ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಕಬಾರದು. ತುಟಿ ಮುಚ್ಚಿ, ಹಲ್ಲು ಬಿಡಿ. ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಇಟ್ಟುಕೊಳ್ಳಿ, ದವಡೆ ತಾನೇ ಸಡಿಲ ಆಗುತ್ತೆ. ಮಲಗೋ ಮುಂಚೆ ಬಿಸಿ ಬಟ್ಟೆ ಒತ್ತಿ. ಸಂಜೆ ಮೇಲೆ ಕಾಫಿ ಬೇಡ. ರಾತ್ರಿ ಹಾಕ್ಕೊಳ್ಳೋಕೆ ಹಲ್ಲಿಗೆ ಒಂದು ಕವಚ ಮಾಡಿಸಿ ಕೊಡ್ತೀನಿ." ಆಮೇಲೆ ಪುಟ್ಟ ಕನ್ನಡಿ ಬಾಯೊಳಗೆ ಇಟ್ಟು... ದೀಪ ಇನ್ನಷ್ಟು ಹತ್ತಿರ ಎಳೆದರು. "ಈ ಕೆಲಸ ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

"ನಿಮ್ಮ ವಯಸ್ಸು?"

"ಇಪ್ಪತ್ತಾರು."

"ಇದು ನಾಲ್ಕು ತಿಂಗಳ ಸವೆತ ಅಲ್ಲ," ಅಂದರು ಡಾಕ್ಟರು ಮೆಲ್ಲಗೆ. "ಮೂವತ್ತು ವರ್ಷ ಕಡಿದ ಬಾಯಿ ಇದು."

ಆವತ್ತೇ ಸಂಜೆ ಅವಳು ಆಫೀಸಿನ ಅಟೆಂಡರ್‌ನ ಹಿಡಿದಳು. "ನನಗಿಂತ ಮುಂಚೆ ಆ ಸೀಟಲ್ಲಿ ಯಾರಿದ್ರು?"

ಅವನು ಬಾಗಿಲ ಕಡೆ ನೋಡಿದ. "ದೊಡ್ಡಕ್ಕ. ಹಾಗೇ ಕರೀತಿದ್ವಿ. ಮೂವತ್ತು ವರ್ಷ ಅದೇ ಸೀಟು ಮೇಡಂ. ಬಾಯಿ ಸತ್ತವರು. ಯಾರು ಏನಂದ್ರೂ ಒಂದು ತಿರುಗುತ್ತರ ಇಲ್ಲ. ಈಗಿನ ಸಾಹೇಬರೇ ಎಲ್ಲರೆದುರು ಫೈಲು ಮುಖಕ್ಕೆ ಎಸೆದಾಗಲೂ ಇಲ್ಲ. ಬುತ್ತಿ ತಗೊಂಡು ಹೋಗಿ ಬಾವಿಕಟ್ಟೆ ಮೇಲೆ ಒಬ್ಬರೇ ಕೂತು ತಿಂತಿದ್ರು."

"ಈಗೆಲ್ಲಿದಾರೆ?"

"ಆ ಕುರ್ಚಿಯಲ್ಲೇ ಹೋದ್ರು... ಫೋನು ಕೈಲಿತ್ತು. ಬಾಯಿಗೆ ಒಂದು ತೊಟ್ಟು ನೀರು ಬಿಡೋಣ ಅಂದ್ರೆ, ನಾಲ್ಕು ಜನ ಸೇರಿದ್ರೂ ದವಡೆ ಬಿಡಿಸೋಕೆ ಆಗಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಮಾರನೇ ದಿನ ಕೆಲಸ ಬಿಡುತ್ತಿದ್ದರು. ಇವಳು ಬಿಡಲಿಲ್ಲ. ಸತ್ತವರಿಗೆ ಹೆದರಿ ಸೀಟು ಬಿಟ್ಟರೆ ಬದುಕಿದವರಿಗೆ ಏನು ಉತ್ತರ ಕೊಡಲಿ ಅಂದಳಂತೆ. ಡಾಕ್ಟರು ಹೇಳಿದ್ದನ್ನೆಲ್ಲ ಹಟ ಹಿಡಿದು ಮಾಡಿದಳು. ಫೋನಿನ ಪಕ್ಕ ಚೀಟಿ ಅಂಟಿಸಿದಳು... 'ಹಲ್ಲು ಬಿಡು.' ಯಾರೋ ಕಿಚಾಯಿಸಿದರು, ಕ್ಯಾರೇ ಅನ್ನಲಿಲ್ಲ. ಕವಚ ಬಂತು, ಹಾಕಿಕೊಂಡಳು. ಹತ್ತು ದಿನದಲ್ಲಿ ತಲೆನೋವು ಅರ್ಧಕ್ಕಿಳಿಯಿತು, ಬಾಯಿ ಮೂರು ಬೆರಳಷ್ಟು ತೆರೆಯಿತು. ಅವಳ ಹಲ್ಲು ಸುಮ್ಮನಾಯಿತು.

ಸದ್ದು ಸುಮ್ಮನಾಗಲಿಲ್ಲ.

ಒಂದು ರಾತ್ರಿ, ಕತ್ತಲಲ್ಲಿ, ಅಜ್ಜಿ ಪಿಸುಗುಟ್ಟಿದರು. "ಸಿಡಿಮದ್ದು... ಎದ್ದಿದೀಯಾ?"

"ಹೂಂ."

"ಹಾಗಾದ್ರೆ ಹಲ್ಲು ಕಡೀತಿರೋದು ಯಾರು?"

"ನೀನಲ್ವಾ ಅಜ್ಜಿ?"

"ನನ್ನ ಹಲ್ಲು ಲೋಟದಲ್ಲಿದೆ ಕಣೇ."

ಇಬ್ಬರೂ ಕಿವಿಗೊಟ್ಟರು. ಕರ್ರ್... ಕರ್ರ್... ಕಟ್. ಹಾಸಿಗೆಯ ಕಾಲ್ದೆಸೆಯಿಂದ. ಅಜ್ಜಿ ಮೊಮ್ಮಗಳ ಕೈ ಹಿಡಿದರು. ಬೆಳಗಾಗೋವರೆಗೂ ಬಿಡಲಿಲ್ಲ.

ಮಾರನೇ ದಿನ ಗಾಳಿ ಬೀಸಿ ಅರ್ಧ ಊರಿಗೆ ಕರೆಂಟಿಲ್ಲ. ಫೋನು ಇಟ್ಟರೆ ಸಾಕು, ಮತ್ತೆ ಬಡಕೊಳ್ಳುತ್ತೆ. ರಾತ್ರಿ ಹತ್ತೂವರೆಗೆ ಒಬ್ಬ ಶುರುಮಾಡಿದ. "ಲೇ, ನಿಮ್ಮಪ್ಪನ ಮನೆ ಕರೆಂಟೇನೇ ಅದು?"

ಹಿಂದೆ ಸಾಹೇಬ ನಿಂತಿದ್ದ. ರಿಸೀವರಿನೊಳಗೆ, ಆ ಮನುಷ್ಯನ ದನಿಯ ಅಡಿಯಲ್ಲಿ... ಕರ್ರ್... ಕರ್ರ್... ಇವಳ ದವಡೆಯೂ ತಾನಾಗಿ ಬಿಗಿಯತೊಡಗಿತು. ಚೀಟಿ ನೋಡಿದಳು. ಹಲ್ಲು ಬಿಟ್ಟಳು. ಬಾಯಿಯನ್ನೂ ಬಿಟ್ಟಳು.

"ನಮ್ಮಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ ಸ್ವಾಮಿ. ತಂತಿ ಮೇಲೆ ಮರ ಬಿದ್ದಿದೆ. ಲೈನ್‌ಮನ್‌ಗಳು ಕಂಬ ಹತ್ತಿದಾರೆ. ಒಂದು ಗಂಟೆ ಆಗುತ್ತೆ. ಏಕವಚನ ಬಿಟ್ಟರೆ ಮಾತಾಡ್ತೀನಿ, ಇಲ್ಲಾಂದ್ರೆ ಇಡ್ತೀನಿ."

ಆ ಕಡೆಯ ದನಿ ಇಳಿಯಿತು. "ಸರಿ... ಒಂದು ಗಂಟೆನಾಮ್ಮಾ?"

ಫೋನಿಟ್ಟಳು. ಸಾಹೇಬ ಕುರ್ಚಿಗೆ ಒದ್ದ. "ಕ್ಷಮೆ ಎಲ್ಲಿ?"

"ತಪ್ಪು ಎಲ್ಲಿ ಸಾರ್?"

ಇಡೀ ಕೋಣೆ ಇವಳ ಕಡೆ ತಿರುಗಿತು. ಸಾಹೇಬನ ಮೂಗು ಕೆಂಪಾಯಿತು. "ನಾಳೆ ಬೆಳಗ್ಗೆ ಎಂಟಕ್ಕೆ ಬಂದು ತಪ್ಪಾಯ್ತು ಅಂತ ಬರೆದುಕೊಡ್ಬೇಕು. ಇಲ್ಲಾಂದ್ರೆ ಈ ಕಡೆ ತಲೆ ಹಾಕಬೇಡ."

"ಬರ್ತೀನಿ. ಬರೆದುಕೊಡಲ್ಲ."

ಹನ್ನೊಂದಕ್ಕೆ ಎಲ್ಲರೂ ಹೊರಟ ಮೇಲೆ ಬ್ಯಾಗು ಹೆಗಲಿಗೇರಿಸಿ ಹೊರಟಳು. ಅಟೆಂಡರ್ ಅವಳ ಹಿಂದೆಯೇ ಕೋಣೆಗೆ ಬೀಗ ಹಾಕಿದ.

ಗಲ್ಲಿಯಲ್ಲಿ ದೀಪವಿಲ್ಲ. ಬಾವಿ ಹತ್ತಿರ ಬಂತು. ಕರ್ರ್... ಈ ಸಲ ಓಡಲಿಲ್ಲ. ಹೆದರಿಕೆ ಇತ್ತಂತೆ, ಸುಳ್ಳು ಯಾಕೆ ಹೇಳಲಿ. ಆದರೂ ಹೋಗಿ ಬಾವಿಕಟ್ಟೆ ಮೇಲೆ ಕೂತಳು. ಪಕ್ಕದಲ್ಲಿ ಏನೂ ಕಾಣಿಸಲಿಲ್ಲ. ಆ ಪಕ್ಕ ಮಾತ್ರ ತಣ್ಣಗಿತ್ತು.

"ದೊಡ್ಡಕ್ಕಾ," ಅಂದಳು ಪಿಸುಮಾತಲ್ಲಿ. "ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಹಲ್ಲು ನನ್ನದು. ನಿಮ್ಮ ಸಿಟ್ಟು ಮಸೆಯೋಕೆ ನನ್ನ ಬಾಯಿ ಸಾಣೆಕಲ್ಲಲ್ಲ. ಕೊಡಲ್ಲ."

ಕರ್ರ್ ಕರ್ರ್ ಕರ್ರ್... ಜೋರಾಯಿತು. ಜಾಲರಿ ಝಲ್ ಅಂತು.

"ಹೆದರಿಸಬೇಡಿ. ನಾನು ನಾಳೆಯೂ ಬರ್ತೀನಿ, ನಾಡಿದ್ದೂ ಬರ್ತೀನಿ. ಅಷ್ಟು ಕಡಿದು ನಿಮಗಾದ್ರೂ ಏನು ಸಿಕ್ತು? ಹಾಗಲ್ಲಕ್ಕಾ... ನಾನು ಹೇಳಿದ ಹಾಗೆ ಮಾಡಿ. ತುಟಿ ಮುಚ್ಚಿ. ಹಲ್ಲು ಬಿಡಿ. ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ. ಹಾಂ... ಮೆಲ್ಲಗೆ."

ತನ್ನ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿ, ಆ ತಣ್ಣನೆಯ ಗಾಳಿಗೆ, ಒಂದು ಮುಖ ಇರಬಹುದಾದಷ್ಟು ಎತ್ತರಕ್ಕೆ, ಹಿಡಿದಳು. ಕೆನ್ನೆಗೆ ಒತ್ತುವ ಹಾಗೆ.

ಕರ್ರ್... ಕರ್... ಕ...

ಟಕ್.

ತುಕ್ಕು ಹಿಡಿದ ಚಿಲಕ ಬಿಟ್ಟ ಹಾಗೆ. ಆಮೇಲೆ ಒಂದು ಉದ್ದ ಉಸಿರು. "ಈಗ ಹೇಳಬೇಕಾದವರಿಗೆ ಹೇಳಿ," ಅಂತ ಎದ್ದು ಮನೆಗೆ ಬಂದಳು. ಆ ರಾತ್ರಿ ಅಜ್ಜಿ ಮೊಮ್ಮಗಳು ಇಬ್ಬರೂ ಬಿಸಿಲು ಏರೋವರೆಗೂ ಮಲಗಿದರು.

ಎಂಟಕ್ಕೆ ಹೋಗಬೇಕಾದವಳು ಒಂಬತ್ತಕ್ಕೆ ಹೋದಳು. ಸಾಹೇಬ ಮೂಲೆಯಲ್ಲಿ ಕೂತಿದ್ದ. ಮುಖ ಬೂದಿ, ಅಂಗಿಯ ಗುಂಡಿ ಅಡ್ಡಾದಿಡ್ಡಿ. ಕಾಗದದ ಮಾತೇ ಎತ್ತಲಿಲ್ಲ. ಮಧ್ಯಾಹ್ನಕ್ಕೆ ರಜೆ ಹಾಕಿ ಹೋದವನು ಬೇರೆ ಆಫೀಸಿಗೆ ವರ್ಗ ಮಾಡಿಸಿಕೊಂಡ.

ಆ ಆಫೀಸಿನ ಫೋನುಗಳೆಲ್ಲ ರೆಕಾರ್ಡ್ ಆಗುತ್ತವೆ. ಅವಳೂ ಅಟೆಂಡರೂ ಕೂತು ಕೇಳಿದರು. ರಾತ್ರಿ ಎರಡು ಹತ್ತಕ್ಕೆ ಅವಳ ಸೀಟಿನಿಂದ ಸಾಹೇಬನ ಮನೆಗೆ ಒಂದು ಕರೆ. ನಾಲ್ಕು ಗಂಟೆ ಹೊತ್ತು. ಹೆಂಗಸಿನ ದನಿ. ಮೊದಮೊದಲು ಒರಟು, ಆಮೇಲೆ ಸಲೀಸು. ಬೈಗುಳ ಇಲ್ಲ, ಕಿರುಚಾಟ ಇಲ್ಲ. ಕೊಡದೇ ಉಳಿದ ಉತ್ತರಗಳು, ಒಂದೊಂದಾಗಿ, ತಾರೀಕಿನ ಸಮೇತ. ಸಾಹೇಬನಿಗೆ ಫೋನಿಡೋಕೆ ಯಾಕೆ ಆಗಲಿಲ್ಲ ಅಂತ ಅವನನ್ನೇ ಕೇಳಬೇಕು.

ನನ್ನ ತಂಗಿ ಈಗಲೂ ಅದೇ ಸೀಟಲ್ಲಿದಾಳೆ. ಸವೆದ ಹಲ್ಲು ಮತ್ತೆ ಬೆಳೆಯಲ್ಲ, ರಾತ್ರಿ ಕವಚ ಹಾಕ್ಕೊಳ್ತಾಳೆ. ಸದ್ದು ಮಾತ್ರ ಇಲ್ಲ.

ನೀವು ನಂಬದಿದ್ದರೆ ನನಗೇನೂ ನಷ್ಟ ಇಲ್ಲ. ನಾನು ಆ ಅಟೆಂಡರ್ ಹತ್ತಿರವೂ ಹೋಗಿ ಕೇಳಿದೀನಿ. ಬೆಳಗ್ಗೆ ಆರೂಕಾಲಿಗೆ ಕೋಣೆಯ ಬೀಗ ತೆಗೆದವನು ಅವನೇ. ಕಿಟಕಿಗಳೆಲ್ಲ ಒಳಗಿಂದ ಹಾಕಿದ್ದವು. ಒರೆಸೋಣ ಅಂತ ರಿಸೀವರ್ ಎತ್ತಿದನಂತೆ... ಹಿಡಿ ಬೆಚ್ಚಗಿತ್ತು. ಮಾತಾಡುವ ತೂತುಗಳ ಮೇಲೆ ಉಸಿರಿನ ಹಬೆ ಇನ್ನೂ ಆರಿರಲಿಲ್ಲ.