ಗೇಟಿಲ್ಲದ ಟೌನ್‌ಶಿಪ್

ಜಯನಗರದ ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಬದರಿನಾಥರಿಗೆ ಬೇರೆ ಕೆಲಸವಿರಲಿಲ್ಲ. ಕಿವಿ ತಾನಾಗೇ ಪಕ್ಕದ ಬೆಂಚಿಗೆ ಹೋಯಿತು. ಅಲ್ಲಿದ್ದವರು ಇಬ್ಬರು ವಾರಗಿತ್ತಿಯರು. ಕಿರಿಯಾಕೆ ಇಂದಿರಾ ಅಮೆರಿಕದ ಮಗಳ ಮನೆಯಿಂದ ಈಗಷ್ಟೇ ಬಂದಿದ್ದರು.

“ಫಿಲಡೆಲ್ಫಿಯಾ ಪಕ್ಕದಲ್ಲಿ ಟೌನ್‌ಶಿಪ್ ಅಂತೆ. ನಮಗೊಂದು ಮಾತು ಹೇಳ್ಲಿಲ್ಲ ನೀನು,” ಅಂದರು ಹಿರಿಯಾಕೆ.

“ಹೇಳೋಕೇನಿದೆ ಅಕ್ಕ? ರಸ್ತೆ ದಾಟಿದ್ರೆ ಸಿಟಿ, ಅಷ್ಟೇ.”

“ಕ್ಲಬ್‌ಹೌಸು, ಸ್ವಿಮ್ಮಿಂಗ್ ಪೂಲು ಎಲ್ಲಾ ಇರತ್ತೆ ಬಿಡು. ನನ್ನ ಮಗಳು ಸುರಭಿ ಇರೋ ಟೌನ್‌ಶಿಪ್ಪಲ್ಲೂ ಇದೆ, ಕನಕಪುರ ರೋಡಲ್ಲಿ.”

“ಅಯ್ಯೋ, ಅಲ್ಲಿ ಟೌನ್‌ಶಿಪ್ ಅಂದ್ರೆ ಬರೀ ಊರು ಅಕ್ಕ! ಗೇಟೇ ಇಲ್ಲ. ನಮ್ಮ ಮಡಿವಾಳದ ಥರ ಜನವೋ ಜನ. ಪಕ್ಕದ ಮನೆಗೂ ನಮಗೂ ಗೋಡೆ ಒಂದೇ.”

“ಹೌದಾ!” ಹಿರಿಯಾಕೆಗೆ ಹೋದ ಜೀವ ಬಂತು. “ಪಾಪ, ಸೆಕ್ಯೂರಿಟಿನೂ ಇಲ್ವಾ? ನಮ್ಮಲ್ಲಿ ನಾನೇ ಹೋದ್ರೂ, ಸುರಭಿ ಫೋನಲ್ಲಿ ಹೂಂ ಅನ್ನೋವರ್ಗೂ ಒಳಗೆ ಬಿಡಲ್ಲ.”

“ನಮ್ಮವಳು ನನಗೇ ಒಂದು ಬೀಗದ ಕೈ ಮಾಡಿಸ್ಕೊಟ್ಟಿದ್ದಾಳೆ. ‘ಅಮ್ಮ, ಯಾವಾಗ ಬೇಕಾದ್ರೂ ಬಾ’ ಅಂತ. ಇನ್ನೂ ಬ್ಯಾಗಲ್ಲೇ ಇದೆ ನೋಡಿ.”



“ಗೇಟಿಲ್ಲದ ಊರಿಗೆ ಬೀಗದ ಕೈ ಬೇರೆ ಕೇಡು,” ಅಂದರು ಹಿರಿಯಾಕೆ.

ಅಷ್ಟರಲ್ಲಿ ನರ್ಸ್ ಇಂದಿರಾರ ಹೆಸರು ಕೂಗಿದರು.

“ಬ್ಯಾಗ್ ಇಲ್ಲೇ ಇಟ್ಟು ಹೋಗೇ. ನಾನು ನೋಡ್ಕೋತೀನಿ.”

ಚಪ್ಪಲಿ ಸದ್ದು ದೂರವಾಗಿ ಬಾಗಿಲು ಮುಚ್ಚಿಕೊಂಡಿತು. ಬದರಿನಾಥರ ಪಕ್ಕದಲ್ಲಿ ಜಿಪ್ಪೊಂದು ಮೆಲ್ಲಗೆ ಸರಿಯಿತು. ಆಮೇಲೆ ಬೀಗದ ಕೈ ಕಿಣಿ ಅಂದಿತು.