ಮೊದಲು ಇಡುವ ಕೋಲು

ಲಿಬೋಡೆ ಪಟ್ಟಣಕ್ಕೆ ಹೋಗುವ ಬಸ್ಸಿಗೆ ಕಾಯುತ್ತಿದ್ದ ಸರದಿಯಲ್ಲಿ, ತನ್ನ ಮುಂದಿದ್ದ ಇಬ್ಬರು ಮುದುಕಿಯರ ಮಾತು ನರ್ಸ್ ಲಿಂಡೆಕಾಳ ಕಿವಿಗೆ ಬಿತ್ತು.

“ಈ ವಯಸ್ಸಲ್ಲಿ ಕಂಬಳಿಯೊಳಗೆ ಕೋಲು ಮುಚ್ಕೊಂಡು ಯಾರನ್ನ ಹೊಡೆಯಕ್ಕೆ ಹೊರಟ್ಯೇ, ನೊಬಂಟು?”

“ಹೋದ ವಾರ ಆಚೆ ಊರವರು ಕೊಂದ್ರಲ್ಲ ನನ್ನ ದೊಡ್ಡ ಮಗನ್ನ, ಅವನ ಕೋಲು. ಎರಡೂ ಊರಿನ ಜಗಳ ಬಿಡಿಸ್ತಿದ್ರಲ್ಲ ಗುರುಗಳು, ಅವರ ಮನೆ ಹೊಸ್ತಿಲಲ್ಲಿ ಇಟ್ಟು ಬರ್ತೀನಿ.”

“ಗುರುಗಳು ತೀರ್ಕೊಂಡು ಮೂವತ್ತು ವರ್ಷ ಆಯ್ತು.”

“ಹೊಸ್ತಿಲು ಇದೆಯಲ್ಲ. ಪಾರ್ಲಿಮೆಂಟಿಗೆ ಆರಿಸಿ ಹೋದ್ಮೇಲೂ ಅವರು ಹೇಳ್ತಿದ್ದದ್ದು ಅದೇ: ಜಗಳ ನಿಲ್ಬೇಕಾದ್ರೆ ಹೆಣ ಬಿದ್ದ ಮನೆಯವರೇ ಮೊದಲು ಕೋಲು ಕೆಳಗೆ ಇಡ್ಬೇಕು.”

“ಚಿಕ್ಕ ಮಗ ಒಪ್ಪಿದ್ನಾ?”

“ಸೇಡಿಗೆ ಇದನ್ನೇ ಹುಡುಕ್ತಿದ್ದ. ಅವನು ಏಳೋ ಮೊದ್ಲೇ ಎತ್ಕೊಂಡು ಬಂದೆ.”

“ಆಚೆ ಊರವರು ಇಡದಿದ್ರೆ?”

“ನನ್ನದೊಂದೇ ಬಿದ್ದಿರುತ್ತೆ. ದಿನಾ ನೋಡ್ಕೊಂಡು ಓಡಾಡ್ಲಿ.”

ಬಸ್ಸು ಬಂತು. ಲಿಂಡೆಕಾ ಅದೇ ಆಚೆ ಊರಿನವಳು. ನೊಬಂಟು ಮೆಟ್ಟಿಲು ಹತ್ತುವಾಗ ಅವಳು ಬಾಗಿ, ನೆಲಕ್ಕೆ ತಾಗುತ್ತಿದ್ದ ಆ ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.